ಅಕ್ಕ, ತಂಗಿ, ಯಾರೋ

ಮೇಸ್ತ್ರಿಯ ಬಲಗಣ್ಣಿನ ಪೊರೆ ತೆಗೆದ ಡಾಕ್ಟರು ಎರಡು ವಾರದ ಮಟ್ಟಿಗೆ ನಾಲ್ಕು ಕಟ್ಟಪ್ಪಣೆ ಮಾಡಿದರು. ಬಗ್ಗಕೂಡದು, ಭಾರ ಎತ್ತಕೂಡದು, ಕಣ್ಣಿಗೆ ಧೂಳು, ನೀರು ತಾಗಿಸಕೂಡದು, ಹೊರಗೆ ಎಲ್ಲಿಗೇ ಹೋದರೂ ಒಬ್ಬರೇ ಹೋಗಕೂಡದು. ಮೊದಲ ಮೂರಕ್ಕೂ ಮೇಸ್ತ್ರಿ ಒಳ್ಳೆ ಮಗುವಿನ ಹಾಗೆ ತಲೆಯಾಡಿಸಿದ. ನಾಲ್ಕನೆಯದನ್ನು ಕೇಳಿ ಅವನ ಮುಖ ಹುಳ್ಳಗಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿಗೆ ಯಾಕೆಂದು ಗೊತ್ತಿತ್ತು. "ಅದಕ್ಕೇನು, ನಾನೇ ಜೊತೆಗೆ ಬರ್ತೀನಿ ಬಿಡಿ ರೀ," ಅಂದಳು. ಅವನ ಮುಖ ಇನ್ನಷ್ಟು ಹುಳ್ಳಗಾಯಿತು.

ಮೇಸ್ತ್ರಿ ಎಂದರೆ ಮನೆ ಕಟ್ಟುವ ಮೇಸ್ತ್ರಿಯಲ್ಲ, ಮುದ್ರಣಾಲಯದಲ್ಲಿ ದೊಡ್ಡ ಮಷಿನ್ನು ನಡೆಸುವವನು. ಮೂವತ್ತೊಂದು ವರ್ಷದಿಂದ ಅದೇ ಮಷಿನ್ನು, ಅದೇ ಜಾಗ. ಅದು ಓಡುವಾಗ ಪಕ್ಕದವನ ಹತ್ತಿರ ಮಾತಾಡಬೇಕೆಂದರೆ ಅವನ ಕಿವಿಗೇ ಬಾಯಿ ಹಚ್ಚಿ ಕೂಗಬೇಕು. ಹೊಸದಾಗಿ ಸೇರಿದವರು ಕಿವಿಗೆ ಹತ್ತಿ ತುರುಕಿಕೊಂಡರೆ ಹಳಬರು ನಗುತ್ತಿದ್ದರು, ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅಚ್ಚಾಗಿ ಬಂದ ಹಾಳೆಯಲ್ಲಿ ಬಣ್ಣ ಕೂದಲೆಳೆಯಷ್ಟು ಜರುಗಿದ್ದರೂ ಅವನು ಮಷಿನ್ನು ನಿಲ್ಲಿಸಿಬಿಡುತ್ತಿದ್ದ. ತಪ್ಪು ಅಚ್ಚಾಗಿ ಹೊರಗೆ ಹೋಗುವುದಕ್ಕಿಂತ ತಾನೇ ಹೊರಗೆ ಹೋಗುವುದು ವಾಸಿ ಎಂಬ ಜಾತಿಯ ಮನುಷ್ಯ.

ಇಂಥವನಿಗೆ ಹಕ್ಕಿ ಹುಚ್ಚು ಹಿಡಿದರೆ ಅದೂ ಇದೇ ಥರ ಹಿಡಿಯುತ್ತದೆ. ಇಪ್ಪತ್ತಾರು ವಸಂತಗಳಿಂದ, ಕೆಲಸಕ್ಕೆ ಹೋಗುವ ಮುಂಚೆ, ಬೆಳಗಿನ ಆರು ಗಂಟೆಗೆ ಸರಿಯಾಗಿ ಅವನು ಊರಿಗೆ ನೀರು ಬಿಡುವ ಟ್ಯಾಂಕಿನ ಆವರಣದಲ್ಲಿ ಇರುತ್ತಿದ್ದ. ಅಲ್ಲಿ ಎತ್ತರದ ಮರಗಳ ಎರಡು ಸಾಲು. ಆ ಸಾಲಿನ ಉದ್ದಕ್ಕೆ ಅವನು ಗೊತ್ತು ಮಾಡಿಕೊಂಡ ಏಳು ಜಾಗ. ಒಂದೊಂದರಲ್ಲೂ ಐದೈದು ನಿಮಿಷ ಅಲ್ಲಾಡದೆ ನಿಲ್ಲುವುದು, ಕೇಳಿದ್ದನ್ನು ಬರೆಯುವುದು, ಮುಂದಿನ ಜಾಗಕ್ಕೆ ಹೋಗುವುದು. ಬರೆಯುವ ಪುಸ್ತಕವೂ ಮುದ್ರಣಾಲಯದಲ್ಲಿ ಉಳಿದ ತುಂಡು ಕಾಗದ ಹೊಲಿದು ತಾನೇ ಕಟ್ಟಿಕೊಂಡಿದ್ದು.

ಬೇರೆ ಹಕ್ಕಿ ನೋಡುವವರು ಕೆರೆಗೆ ಹೋಗಿ ದೊಡ್ಡ ದೊಡ್ಡ ಹಕ್ಕಿಗಳನ್ನು ನೋಡಿ ಸಂತೋಷಪಡುತ್ತಾರೆ. ಮೇಸ್ತ್ರಿ ಕಟ್ಟಿಕೊಂಡದ್ದು ತಲೆನೋವಿನ ಹಕ್ಕಿಗಳನ್ನು. ಎಲೆ ಉಲಿಯಕ್ಕಿಗಳಲ್ಲಿ ಎರಡು ಜಾತಿ. ಪುಸ್ತಕದಲ್ಲಿ ಅವುಗಳ ಹೆಸರು ಹಕ್ಕಿಗಿಂತ ಉದ್ದ. ಹೆಬ್ಬೆರಳಿನಷ್ಟು ಮೈ, ಮೇಲೆ ಎಲೆಯ ಹಸಿರು, ಕೆಳಗೆ ಮಾಸಲು ಬಿಳಿ, ಕಣ್ಣಿನ ಮೇಲೊಂದು ತಿಳಿ ಗೆರೆ. ಎರಡೂ ಹಾಗೇ. ರೆಕ್ಕೆಯ ಗರಿಗಳನ್ನು ಅಳತೆಪಟ್ಟಿ ಇಟ್ಟು ಅಳೆದರೆ ವ್ಯತ್ಯಾಸ ಸಿಕ್ಕೀತು, ಆದರೆ ಮರದ ತುದಿಯಲ್ಲಿ ಕುಣಿಯುವ ಹಕ್ಕಿ ಅಳತೆ ಕೊಡಲು ನಿಲ್ಲುತ್ತದೆಯೇ? ಅದಕ್ಕೇ ಮೇಸ್ತ್ರಿ ಅವಕ್ಕೆ ಅಕ್ಕ, ತಂಗಿ ಎಂದು ಹೆಸರಿಟ್ಟಿದ್ದ. ಬಾಯಿ ಬಿಟ್ಟರೆ ಮಾತ್ರ ಯಾರು ಯಾರೆಂದು ತಿಳಿಯುತ್ತದೆ. ಅಕ್ಕ ದಪ್ಪ ದನಿಯಲ್ಲಿ 'ಚು-ವೀಟ್' ಎಂದು ಎರಡು ತುಂಡಾಗಿ ಕರೆಯುತ್ತಾಳೆ. ತಂಗಿಯದು ಒಂದೇ ಎಳೆ, ಬಹಳ ಸಣ್ಣ, ಬಹಳ ಮೇಲಿನ ದನಿ.

ಅವನ ಪುಸ್ತಕದಲ್ಲಿ ಮೂರು ಕಾಲಂ ಇದ್ದವು: ಅಕ್ಕ, ತಂಗಿ, ಯಾರೋ. ದನಿ ಕೇಳದೆ ಒಂದು ಹಕ್ಕಿಯನ್ನೂ ಮೊದಲ ಎರಡರಲ್ಲಿ ಬರೆಯುವ ಹಾಗಿಲ್ಲ, ಅದು ಅವನದೇ ಕಾನೂನು. ಸುಮ್ಮನಿದ್ದದ್ದೆಲ್ಲ 'ಯಾರೋ'. ಮೊದಮೊದಲು ತಂಗಿಯರು ವಸಂತಕ್ಕೆ ಅರವತ್ತು, ಎಪ್ಪತ್ತು ಸಿಗುತ್ತಿದ್ದರು. ಆಮೇಲೆ ನಲವತ್ತಾಯಿತು, ಹತ್ತೊಂಬತ್ತಾಯಿತು, ಒಂದು ವರ್ಷ ಎರಡೇ ಎರಡು. ಹೋದ ಮೂರು ವಸಂತಗಳಲ್ಲಿ ಸೊನ್ನೆ.

ಹಕ್ಕಿ ಸಂಘದಲ್ಲಿ ಇರುವವರು ಹನ್ನೊಂದು ಜನ, ಕಾರ್ಯದರ್ಶಿ ಔಷಧಿ ಅಂಗಡಿಯವನು. ನಾಲ್ಕು ವಸಂತ ಸಾಲಾಗಿ ಸೊನ್ನೆ ಬಂದರೆ ಆ ಹಕ್ಕಿಯನ್ನು ಪಟ್ಟಿಯಿಂದ ತೆಗೆಯಬೇಕೆಂಬುದು ಸಂಘದ ನಿಯಮ. 'ಈ ಹಕ್ಕಿ ಇನ್ನು ಈ ದಾರಿಯಲ್ಲಿ ಬರುವುದಿಲ್ಲ' ಎಂದು ಬರೆದ ಕಾಗದ ಆಗಲೇ ತಯಾರಾಗಿತ್ತು. ಸಹಿ ಹಾಕಬೇಕಾದವನು ಮೇಸ್ತ್ರಿ, ಏಕೆಂದರೆ ಇಷ್ಟು ವರ್ಷದ ಲೆಕ್ಕ ಇದ್ದದ್ದು ಅವನೊಬ್ಬನ ಹತ್ತಿರ. ಭಾನುವಾರ ಗಡುವು. ಮನೆಯ ಹೆಣ್ಣುಮಗಳೊಬ್ಬಳು ಹೇಳದೆ ಕೇಳದೆ ತವರಿಗೆ ಬರುವುದನ್ನು ಬಿಟ್ಟರೆ ಹೇಗಾಗುತ್ತದೋ ಹಾಗಾಗಿತ್ತು ಅವನಿಗೆ. ಕಣ್ಣು ಮಂಜಾಗಿ ಹಕ್ಕಿ ಎಲ್ಲಿದೆಯೆಂದೇ ತಿಳಿಯುತ್ತಿಲ್ಲ, ಕಂಡರಲ್ಲವೇ ಕಿವಿ ಅತ್ತ ತಿರುಗುವುದು ಎಂಬ ಒಂದೇ ಆಸೆಯಿಂದ ಅವನು ಈ ಆಪರೇಷನ್ನನ್ನು ವಸಂತಕ್ಕೆ ಮುಂಚೆ ಮಾಡಿಸಿಕೊಂಡಿದ್ದ.

ಹೆಂಡತಿಗೆ ಇದೆಲ್ಲ ಗೊತ್ತಿತ್ತು, ಹಕ್ಕಿ ಮಾತ್ರ ಗೊತ್ತಿರಲಿಲ್ಲ. ಅವಳು ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅಳತೆ ಕೊಡಲು ಬಂದವರ ಜೊತೆ, ದಾರದ ಜೊತೆ, ಕೊನೆಗೆ ಯಾರೂ ಇಲ್ಲದಿದ್ದರೆ ಕತ್ತರಿಯ ಜೊತೆಯಾದರೂ ಮಾತಾಡುವವಳು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಒಂದು ದಿನವೂ ಅವಳು ಟ್ಯಾಂಕಿನ ಕಡೆ ಹೋಗಿರಲಿಲ್ಲ.

"ನೋಡೇ, ಒಂದೇ ಷರತ್ತು," ಎಂದ ಮೇಸ್ತ್ರಿ ಹೊರಡುವ ಮೊದಲ ದಿನ. "ಅಲ್ಲಿ ನಿಂತಾಗ ಬಾಯಿ ಬಿಡಬಾರದು. ಐದು ನಿಮಿಷ. ಏಳು ಸಲ."

"ನಿಮ್ಮನ್ನ ಕಟ್ಕೊಂಡು ಇಪ್ಪತ್ತೊಂಬತ್ತು ವರ್ಷ ಬಾಯಿ ಮುಚ್ಕೊಂಡಿದೀನಿ, ಐದು ನಿಮಿಷ ಯಾವ ಲೆಕ್ಕ?"

"ಅದನ್ನ ಕತ್ತರಿಗೆ ಹೇಳು, ನಂಬುತ್ತೆ."

"ಹಕ್ಕಿ ಕೂಗಿದ್ದು ಮಾತ್ರ ಕೇಳುತ್ತೆ ನಿಮಗೆ. ಬಟ್ಟೆ ಒಗೆಯೋ ಮಷಿನ್ನು ಮುಗೀತು ಮುಗೀತು ಅಂತ ಪಕ್ಕದಲ್ಲೇ ಕೂಗ್ಕೊಂಡ್ರೂ ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಕೂತಿರ್ತೀರ. ಜಾಣಕಿವುಡು."

ಇದು ಆ ಮನೆಯ ಹಳೇ ಜಗಳ. ಮೇಸ್ತ್ರಿ ದುರ್ಬೀನು ಕತ್ತಿಗೆ ಹಾಕಿಕೊಂಡು ಹೊರಟ.

ಆರು ದಿನ ಇಬ್ಬರೂ ಹೋಗಿ ಬಂದರು. ಹೇಳಬೇಕಾದ್ದನ್ನು ಹೇಳಬೇಕು, ಹೆಂಡತಿ ಮಾತು ಉಳಿಸಿಕೊಂಡಳು. ಕೈಚೀಲದಲ್ಲಿ ಗುಂಡಿ ಹಚ್ಚುವ ಅಂಗಿಗಳನ್ನು ತಂದು, ಮಡಿಸುವ ಸ್ಟೂಲಿನ ಮೇಲೆ ಕೂತು, ತುಟಿ ಬಿಗಿ ಹಿಡಿದು ಹೊಲಿಯುತ್ತಿದ್ದಳು. ಅವಳಿಗೆ ಆ ಜಾಗದಲ್ಲಿ ಒಂದೇ ಒಂದು ತಕರಾರು. ಎಲ್ಲೋ ಪೈಪು ಸೋರುತ್ತಿತ್ತು. ಸೀ ಎಂದು ಸಣ್ಣಗೆ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ನೀರಿನ ಟ್ಯಾಂಕು ಅಂದಮೇಲೆ ಪೈಪು ಸೋರದೆ ಇರುತ್ತದೆಯೇ ಎಂದು ತಾನೇ ಸಮಾಧಾನ ಮಾಡಿಕೊಂಡಳು. ಮಾತಾಡಬಾರದೆಂದು ಷರತ್ತಿದ್ದದ್ದರಿಂದ ಹೇಳಲೂ ಇಲ್ಲ. ಮನೆಗೆ ಬಂದ ಮೇಲೆ ಮರೆತೇ ಹೋಗುತ್ತಿತ್ತು.

ಮೇಸ್ತ್ರಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ. ಹೊಸ ಕಣ್ಣಿನಲ್ಲಿ ಲೋಕವೆಲ್ಲ ಈಗ ತಾನೇ ಅಚ್ಚಾಗಿ ಬಂದ ಹಾಗಿತ್ತು. ಎಲೆಯ ನರ ನರವೂ ಕಾಣುತ್ತಿತ್ತು. ಆದರೆ ತಂಗಿಯ ಕಾಲಮ್ಮಿನಲ್ಲಿ ಆರು ದಿನವೂ ಸೊನ್ನೆ.

ಏಳನೆಯ ದಿನ ಶನಿವಾರ. ಹಿಂದಿನ ಸಂಜೆಯಿಂದ ಹಿಡಿದ ಮಳೆ ಬೆಳಗಿನ ಜಾವ ನಿಂತಿತ್ತು. ಗೇಟಿನವನು ಬಾಗಿಲು ತೆಗೆದು, "ಏನೋ ಆಗಿದೆ ನೋಡಿ ಒಳಗೆ," ಎಂದ. ಮೇಸ್ತ್ರಿ ನಾಲ್ಕು ಹೆಜ್ಜೆ ಇಟ್ಟವನು ಹಾಗೇ ನಿಂತುಬಿಟ್ಟ.

ಹಕ್ಕಿಗಳು. ಮರದ ಮೇಲಷ್ಟೇ ಅಲ್ಲ, ಎಲ್ಲೆಲ್ಲೂ. ಆವರಣದ ಗೋಡೆಯ ಮೇಲೆ, ಬೇಲಿಯ ತಂತಿಯ ಮೇಲೆ, ಪೊದೆಗಳಲ್ಲಿ, ಒದ್ದೆ ಹುಲ್ಲಿನಲ್ಲಿ, ನಡೆಯುವ ದಾರಿಯ ಮೇಲೆ. ಹೆಬ್ಬೆರಳಿನಷ್ಟರವು ನೂರಾರು. ಹೆಜ್ಜೆ ಇಟ್ಟರೆ ಹಾರುತ್ತಿರಲಿಲ್ಲ, ಸ್ವಲ್ಪ ಸರಿದು ಜಾಗ ಬಿಡುತ್ತಿದ್ದವು. ಒಂದು ಹಕ್ಕಿ ಹೆಂಡತಿಯ ಚಪ್ಪಲಿಯ ಹತ್ತಿರ ಕೂತು ಅವಳನ್ನೇ ನೋಡಿತು.

"ಇವು ರಾತ್ರಿ ಹಾರೋದು," ಎಂದು ಮೇಸ್ತ್ರಿ ಪಿಸುಗುಟ್ಟಿದ. "ಮಳೆ ಸಿಕ್ಕಿ ಇಳಿದುಬಿಟ್ಟಿವೆ. ಕೇಳಿದ್ದೆ, ಹಿಂಗಾಗುತ್ತೆ ಅಂತ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲಾನೂ ನೋಡಿರಲಿಲ್ಲ."

"ಎಲ್ಲಿಂದ ಬಂದಿದ್ದು?"

"ಸಮುದ್ರದ ಆಚೆಯಿಂದ."

"ಇಷ್ಟೇ ಇಷ್ಟು ಜೀವ?"

"ಪತ್ರ ಬರೆಯೋ ಕಾಗದ ಎರಡು ಹಾಳೆ ತೂಗಿದ್ರೆ ಎಷ್ಟು ಬರುತ್ತೋ ಅಷ್ಟು ತೂಕ."

ಹೆಂಡತಿ ಆ ಪುಟ್ಟ ಹಕ್ಕಿಯನ್ನು ನೋಡಿದಳು, ಮೇಲೆ ಬೆಳಗಾಗುತ್ತಿದ್ದ ದೊಡ್ಡ ಆಕಾಶವನ್ನು ನೋಡಿದಳು. ಗುಂಡಿಯ ಚೀಲವನ್ನು ಆ ದಿನ ಅವಳು ತೆರೆಯಲೇ ಇಲ್ಲ.

ಮೊದಲ ಜಾಗದಲ್ಲಿ ಐದು ನಿಮಿಷ, ಎರಡನೆಯದರಲ್ಲಿ ಐದು. 'ಚು-ವೀಟ್, ಚು-ವೀಟ್' ಎಂದು ಅಕ್ಕಂದಿರು ಎಲ್ಲ ಕಡೆಯಿಂದ ಕರೆಯುತ್ತಿದ್ದರು. ಮೇಸ್ತ್ರಿ ಬರೆದ: ಅಕ್ಕ ಮೂವತ್ತೆಂಟು. ಯಾರೋ ಅರವತ್ತಕ್ಕೂ ಮೇಲೆ. ತಂಗಿ ಸೊನ್ನೆ. ಪೆನ್ಸಿಲ್ಲು ಅಲ್ಲಿಗೇ ನಿಂತಿತು. ಒಂದೊಂದು ಹಕ್ಕಿ ಬಂದಾಗ ಸೊನ್ನೆ ಬರೆಯುವುದು ಬೇರೆ. ಇಡೀ ಊರಿನ ಹಕ್ಕಿ ಬಂದು ಮುಂದೆ ಕೂತಿರುವಾಗ, ಅಷ್ಟರಲ್ಲೂ ಒಂದು ಇಲ್ಲ ಎಂದರೆ ಇನ್ನು ಆಸೆ ಇಟ್ಟುಕೊಳ್ಳುವುದು ದಡ್ಡತನ. ಅವನು ಪುಸ್ತಕ ಮುಚ್ಚಿದ. "ಮುಗೀತು ಕಣೇ," ಎಂದ. ಕಣ್ಣಿಗೆ ನೀರು ತಾಗಬಾರದು ಎಂದಿದ್ದರು ಡಾಕ್ಟರು, ಆದರೂ ಬಂತು.

ಸಮಾಧಾನ ಹೇಗೆ ಮಾಡಬೇಕೆಂದು ತಿಳಿಯದೆ ಹೆಂಡತಿ, ಬಾಯಿಗೆ ಬಂದ ಬೇರೆ ಮಾತನ್ನೇ ಆಡಿದಳು. "ಅತ್ತು ಏನು ಮಾಡ್ತೀರ, ಬನ್ನಿ ಮನೆಗೆ ಹೋಗೋಣ. ಈ ಪೈಪಿನ ಸದ್ದಿನಲ್ಲಿ ನಿಂತು ನಿಂತು ನನಗೂ ತಲೆ ಚಿಟ್ಟು ಹಿಡೀತು."

"ಯಾವ ಪೈಪು?"

"ಅದೇ ಸೀ ಅಂತ ಸೋರ್ತಿದೆಯಲ್ಲ. ಒಂದು ವಾರದಿಂದ ಕೇಳ್ತಿದೀನಿ. ಇವತ್ತಂತೂ ಹತ್ತು ಕಡೆ ಸೋರ್ತಿದೆ."

"ಪೈಪು ಎಲ್ಲಿದೆ ಇಲ್ಲಿ? ಟ್ಯಾಂಕು, ಪಂಪು ಎಲ್ಲ ಆ ಕೊನೆಗೆ ಇರೋದು."

"ಹಾಗಾದ್ರೆ ಇದೇನು? ಅಗೋ, ಬಂತು. ಈಗ ನಿಂತ್ತು. ಅಗೋ, ಮತ್ತೆ." ಅವಳು ಬೆರಳು ಮೇಲಕ್ಕೆ ತೋರಿಸಿದಳು.

ಬೆರಳು ತೋರಿದಲ್ಲಿ, ಕೈಗೆಟುಕುವಷ್ಟು ಎತ್ತರದ ಎಲೆಯಿಲ್ಲದ ಕೊಂಬೆಯ ಮೇಲೆ ಒಂದು ಹಕ್ಕಿ ಕೂತಿತ್ತು. 'ಯಾರೋ' ಎಂದು ಆಗಲೇ ಬರೆದುಕೊಂಡಿದ್ದ ಹಕ್ಕಿ. ಮೇಸ್ತ್ರಿ ದುರ್ಬೀನು ಎತ್ತಿದ. ಹಕ್ಕಿ ತಲೆಯನ್ನು ಹಿಂದಕ್ಕೆ ಚೆಲ್ಲಿತು, ಕೊಕ್ಕು ತೆರೆಯಿತು, ಕತ್ತಿನ ಎಳೆ ಗರಿಗಳು ಗಾಳಿಗೆ ಸಿಕ್ಕ ದೀಪದ ಕುಡಿಯ ಹಾಗೆ ನಡುಗಿದವು. ಕೊಕ್ಕು ಮುಚ್ಚಿತು.

ಅವನಿಗೆ ಏನೂ ಕೇಳಲಿಲ್ಲ.

"ನೋಡಿ, ನಿಂತ್ತು," ಎಂದಳು ಹೆಂಡತಿ.

ಮೇಸ್ತ್ರಿ ಕಿವಿ ಉಜ್ಜಿಕೊಂಡ. "ಯಾವುದೋ ಹುಳದ ಸದ್ದಿರಬೇಕು," ಎಂದ. ಅವಳು ಏನೋ ಹೇಳಹೊರಟಾಗ ಕೈ ಎತ್ತಿ ತಡೆದ. "ಒಂದು ಕೆಲಸ ಮಾಡು. ಮರದ ಕಡೆ ಬೆನ್ನು ಹಾಕಿ ಗೋಡೆ ನೋಡ್ಕೊಂಡು ನಿಂತ್ಕೋ. ಸದ್ದು ಬಂದಾಗ ಬಂತು ಅನ್ನು. ನಿಂತಾಗ ನಿಂತ್ತು ಅನ್ನು. ಬೇರೆ ಏನೂ ಅನ್ನಬೇಡ."

ಅವಳು ಬೆನ್ನು ಹಾಕಿ ನಿಂತಳು. ಮೇಸ್ತ್ರಿ ಉಸಿರು ಬಿಗಿ ಹಿಡಿದು ಆ ಒಂದು ಕೊಕ್ಕನ್ನು ನೋಡಿದ. ಕೊಕ್ಕು ತೆರೆಯಿತು. "ಬಂತು," ಎಂದಳು ಅವಳು ಗೋಡೆಗೆ. ಕೊಕ್ಕು ಮುಚ್ಚಿತು. "ನಿಂತ್ತು." ತೆರೆಯಿತು. "ಬಂತು." ಒಂಬತ್ತು ಸಲ ನೋಡಿದ. ಒಂಬತ್ತು ಸಲವೂ, ಅಚ್ಚಿನ ಮೇಲೆ ಅಚ್ಚು ಕೂತ ಹಾಗೆ, ಒಂದಿಷ್ಟೂ ಜರುಗದೆ ಹೊಂದಿತು.

ಅವನು ದುರ್ಬೀನು ಇಳಿಸಿದ. ಅವಳ ಸ್ಟೂಲಿನ ಮೇಲೆ ಕೂತ. "ನನಗೆ ಕೇಳ್ತಿಲ್ಲ ಕಣೇ," ಎಂದ.

ಹೆಂಡತಿ ತಿರುಗಿದಳು. "ಒಂಚೂರೂ?"

"ಒಂಚೂರೂ."

"ಹಾಗಾದ್ರೆ ಆ ಬಟ್ಟೆ ಮಷಿನ್ನು..."

"ಅದು ಕೂಗುತ್ತೆ ಅಂತ ನೀನು ಬೈದಾಗಲೇ ನನಗೆ ಗೊತ್ತಾಗ್ತಿದ್ದಿದ್ದು."

"ಅಯ್ಯೋ ರೀ," ಎಂದಳು ಅವಳು. "ಎಷ್ಟು ಬೈದಿದೀನಿ ನಿಮ್ಮನ್ನ. ನಾಟಕ ಅಂದ್ಕೊಂಡಿದ್ದೆನಲ್ಲ ನಾನು." ಪಕ್ಕದಲ್ಲೇ ಒದ್ದೆ ಕಲ್ಲಿನ ಮೇಲೆ ಕೂತು ಅವನ ಕೈ ಹಿಡಿದುಕೊಂಡಳು.

ಮೇಸ್ತ್ರಿಗೆ ಆ ಹೊತ್ತು ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು. ಆದರೆ ಅವೆರಡನ್ನೂ ಪಕ್ಕಕ್ಕೆ ತಳ್ಳಿ ಇನ್ನೊಂದು ಮೇಲೆದ್ದು ಬರುತ್ತಿತ್ತು. ಅವನು ತಲೆಯೆತ್ತಿ ಮರವನ್ನು ಪೂರ್ತಿ ನೋಡಿದ. ಬುಡದಿಂದ ತುದಿಯವರೆಗೆ ಕೊಕ್ಕುಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಅಲ್ಲೊಂದು, ಇಲ್ಲೆರಡು, ಅದರಾಚೆ ಇನ್ನೊಂದು. ಅಷ್ಟೂ ಕತ್ತುಗಳು ನಡುಗುತ್ತಿದ್ದವು. ಮರಕ್ಕೆ ಮರವೇ ಹಾಡುತ್ತಿತ್ತು, ಅವನೊಬ್ಬನನ್ನು ಬಿಟ್ಟು. ಸತ್ತಳೆಂದು ಇವನು ಅತ್ತಿದ್ದ ತಂಗಿ ತಲೆಯ ಮೇಲೇ ಕೂತು ಹಾಡುತ್ತಿದ್ದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಜನ ಸುಮ್ಮನೆ ಹೇಳಲಿಲ್ಲ. ಮೇಸ್ತ್ರಿಗೆ ನಗು ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ.

ಆಮೇಲೆ ಅವನೊಳಗಿನ ಲೆಕ್ಕದ ಮನುಷ್ಯ ಎದ್ದು ಕೂತ. ಅಕ್ಕನ ದಪ್ಪ ದನಿ ಅವನಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಕೇಳದಿದ್ದದ್ದು ತಂಗಿಯದು ಮಾತ್ರ. ಅಂದಮೇಲೆ ಹಕ್ಕಿ ಬಾಯಿ ಬಿಟ್ಟಾಗ ತನಗೂ ಕೇಳಿದರೆ ಅಕ್ಕ. ಹೆಂಡತಿಗೆ ಕೇಳಿ ತನಗೆ ಕೇಳದಿದ್ದರೆ ತಂಗಿ. ಪುಸ್ತಕ ಬರೆದವರು ರೆಕ್ಕೆಯ ಗರಿ ಅಳೆದು ಅಳೆದು ಸೋತ ಕಡೆ ಅವನ ಕೆಟ್ಟ ಕಿವಿಯೇ ಗುರುತು ಹಿಡಿಯುವ ಅಳತೆಪಟ್ಟಿ ಆಯಿತು.

"ಏಳು," ಎಂದ. "ಮೊದಲಿಂದ ಶುರು ಮಾಡೋಣ. ನೀನು ಕೇಳಿದ ಕಡೆ ಬೆರಳು ತೋರಿಸ್ತಾ ಹೋಗು."

"ಮಾತಾಡಬಹುದಾ?"

"ಎಷ್ಟು ಬೇಕಾದ್ರೂ."

ಏಳು ಜಾಗಗಳಲ್ಲಿ ಅವಳು ಬೆರಳು ತೋರಿಸಿದಳು, ಅವನು ಕೊಕ್ಕು ನೋಡಿ ಬರೆದ. ನಾಲ್ಕನೆಯ ಜಾಗಕ್ಕೆ ಬರುವ ಹೊತ್ತಿಗೆ ಅವಳಿಗೆ ಅಕ್ಕ ಯಾರು ತಂಗಿ ಯಾರು ಎಂದು ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಐದನೆಯದರಲ್ಲಿ, "ಅದಲ್ಲ ರೀ, ಅದರ ಹಿಂದಿನದು," ಎಂದು ಅವನನ್ನೇ ತಿದ್ದಿದಳು. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಇಪ್ಪತ್ತಾರು ವಸಂತ ಇವಳನ್ನು ಮನೆಯಲ್ಲಿ ಬಿಟ್ಟು ಬಂದೆನಲ್ಲ ಎಂದುಕೊಂಡ ಮೇಸ್ತ್ರಿ. ಹಾಗೆಂದು ಅವಳಿಗೆ ಹೇಳಿಯೂ ಹೇಳಿದ. "ಈಗಲಾದ್ರೂ ಗೊತ್ತಾಯ್ತಲ್ಲ," ಎಂದಳು ಅವಳು, ಬೆರಳು ಇಳಿಸದೆ.

"ಹೇಗಿರುತ್ತೆ ಅದು?" ಎಂದು ಕೊನೆಯ ಜಾಗದಲ್ಲಿ ಕೇಳಿದ. "ನನಗೆ ಮರೆತುಹೋಗಿದೆ."

ಅವಳು ಯೋಚಿಸಿದಳು. "ಹೊಸ ಸೂಜಿ ಗಟ್ಟಿ ರೇಷ್ಮೆಯೊಳಗೆ ಇಳಿಯೋವಾಗ ಕೈಗೆ ಹೇಗೆ ಗೊತ್ತಾಗುತ್ತೆ, ಹಾಗೆ. ಪೈಪು ಅಂದ್ಕೊಂಡಿದ್ದಕ್ಕೆ ನನಗೇ ಪಾಪ ಸುತ್ತಿಕೊಳ್ಳುತ್ತೆ."

ಮಧ್ಯಾಹ್ನ ಅವಳ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಪ್ಪತ್ತಾರು ಪುಸ್ತಕಗಳನ್ನೂ ಹರಡಿದರು. ಅವಳು ಓದಿದಳು, ಅವನು ಕೂಡಿಸಿದ. ಹೋದ ಒಂಬತ್ತು ವಸಂತಗಳಲ್ಲಿ ತಂಗಿಯ ಕಾಲಮ್ಮು ಇಳಿಯುತ್ತ ಇಳಿಯುತ್ತ ಬಂದ ಹಾಗೆ 'ಯಾರೋ' ಕಾಲಮ್ಮು ಏರುತ್ತ ಏರುತ್ತ ಬಂದಿತ್ತು. ಎರಡನ್ನೂ ಕೂಡಿಸಿದರೆ ಹೆಚ್ಚುಕಡಿಮೆ ಪ್ರತಿ ವರ್ಷವೂ ಒಂದೇ ಮೊತ್ತ. ಅವನದೇ ಕೈಬರಹ, ಅವನದೇ ಪೆನ್ಸಿಲ್ಲು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ, ಮೇಸ್ತ್ರಿಗೆ ಕನ್ನಡಿ ಬೇಕಾಗಿತ್ತು.

"ಅಂದ್ರೆ ಅವು ಬರ್ತಾನೇ ಇದ್ವು," ಎಂದಳು ಹೆಂಡತಿ.

ಮೇಸ್ತ್ರಿ ತಲೆಯಾಡಿಸಿದ. ಎರಡು ಹಾಳೆ ಕಾಗದದಷ್ಟು ತೂಕದ ಜೀವ ವರ್ಷ ವರ್ಷವೂ ಸಮುದ್ರ ದಾಟಿ, ಕತ್ತಲೆ ದಾಟಿ, ಸರಿಯಾಗಿ ಅದೇ ದಿನಗಳಿಗೆ ಅದೇ ಮರಕ್ಕೆ ಬಂದು ಕೂತು ಹಾಡಿ ಹೋಗಿತ್ತು. ಕೆಳಗೆ ನಿಂತವನು ಸೊನ್ನೆ ಬರೆದುಕೊಂಡಿದ್ದ. ಆ ಸೊನ್ನೆಯಿಂದ ಅದಕ್ಕೆ ಒಂದು ಗರಿಯೂ ಉದುರಿರಲಿಲ್ಲ.

ಭಾನುವಾರ ಬೆಳಿಗ್ಗೆ ಔಷಧಿ ಅಂಗಡಿಯವನು ತಾನಾಗಿಯೇ ಫೋನ್ ಮಾಡಿದ. "ಅಣ್ಣಾ, ಕಾಗದ ಕಳಿಸಲಾ ಸಹಿಗೆ?"

"ಕಾಗದ ಹರಿದು ಹಾಕು. ನಿನ್ನೆ ಒಂದೇ ದಿನ ನೂರ ನಲವತ್ತಮೂರು ತಂಗಿಯರು."

"ಯಾರು ಕೇಳಿದ್ದು?"

"ನಿಮ್ಮ ಅತ್ತಿಗೆ."

"ಅತ್ತಿಗೆಗೆ ಹಕ್ಕಿ ಗುರುತು ಗೊತ್ತಾ?"

"ನಿನ್ನೆ ಬೆಳಿಗ್ಗೆ ತನಕ ಗೊತ್ತಿರಲಿಲ್ಲ. ಕಿವಿ ಇದೆ ಅವಳಿಗೆ. ನನಗೆ ಇಲ್ಲ. ಹೋಗಿ ಎಷ್ಟೋ ವರ್ಷ ಆಯ್ತು, ನನಗೆ ತಿಳೀಲಿಲ್ಲ ಅಷ್ಟೆ. ಸಂಶಯ ಇದ್ರೆ ನಾಳೆ ಆರಕ್ಕೆ ಬಾ, ನಿನ್ನ ಕಿವೀಲೇ ಕೇಳು."

ಔಷಧಿ ಅಂಗಡಿಯವನು ಒಳ್ಳೆಯವನು. ಮಾತನ್ನು ಅಳೆದು ಸುರಿದು ಆಡುವವನು. "ಅಣ್ಣಾ, ಹಾಗಾದ್ರೆ ಹಿಂದಿನ ವರ್ಷಗಳ ಲೆಕ್ಕವೆಲ್ಲ ತಪ್ಪು ಅಂತಾಗುತ್ತಲ್ಲ. ಎಲ್ಲರೂ ನಿಮ್ಮ ಪುಸ್ತಕ ಅಂದ್ರೆ ಕಣ್ಣಿಗೊತ್ತಿಕೊಳ್ತಾರೆ. ಬೇಕಾದ್ರೆ ಈ ವರ್ಷ ಮತ್ತೆ ಕಾಣಿಸಿಕೊಂಡಿದೆ ಅಂತಷ್ಟೇ ಬರೀತೀನಿ. ಉಳಿದದ್ದು ನಮ್ಮಿಬ್ಬರಲ್ಲಿ ಇರಲಿ."

ಮೇಸ್ತ್ರಿ ಮೇಜಿನ ಮೇಲಿನ ಪುಸ್ತಕಗಳನ್ನು ನೋಡಿದ. ಹೆಂಡತಿ ಮಷಿನ್ನು ನಿಲ್ಲಿಸಿ, ದಾರ ಕೈಯಲ್ಲೇ ಹಿಡಿದು, ಅವನನ್ನು ನೋಡುತ್ತಿದ್ದಳು.

"ಮತ್ತೆ ಕಾಣಿಸಿಕೊಂಡಿಲ್ಲ ಕಣಯ್ಯ, ಅದು ಹೋಗೇ ಇರಲಿಲ್ಲ," ಎಂದ. "ಸರಿಯಾಗಿ ಬರ್ಕೋ. ಹಿಂದಿನ ಒಂಬತ್ತು ವಸಂತಗಳ ತಂಗಿಯ ಲೆಕ್ಕ ಹೊಡೆದು ಹಾಕಿದೆ. ಈ ವಸಂತದ್ದು ನೂರ ನಲವತ್ತಮೂರು. ಅದರಲ್ಲಿ ನಾನು ಒಂದನ್ನೂ ಕೇಳಲಿಲ್ಲ. ಇದರ ಕೆಳಗೆ ಸಹಿ ಹಾಕ್ತೀನಿ, ಕಳಿಸು."